‘ಇನ್ನೈದೇ ನಿಮಿಷ ಅಮ್ಮಾ...’

ಹದಿಹರೆಯದ ಮಕ್ಕಳ ಕೈಯಲ್ಲಿ ಹಗಲೂ ರಾತ್ರಿ ಟ್ಯಾಬ್. ಕಿತ್ತುಕೊಂಡರೆ ಯುದ್ಧ, ಬಿಟ್ಟರೆ ಆತಂಕ. ಇವೆರಡರ ನಡುವೆ ಒಂದು ದಾರಿ ಇದೆ. ಆದರೆ ಅದಕ್ಕೆ ಸ್ವಲ್ಪ ತಾಳ್ಮೆ ಬೇಕು, ಒಂದು ಹಾಳೆ ಬೇಕು, ಹಾಲ್‌ನಲ್ಲೊಂದು ಪ್ಲಗ್ ಪಾಯಿಂಟ್ ಬೇಕು!

ರಾತ್ರಿ ಒಂಬತ್ತೂವರೆ. ತಟ್ಟೆ ಹಾಕಿ ಹತ್ತು ನಿಮಿಷವಾಯಿತು. ಉಬ್ಬಿ ಬಂದಿದ್ದ ಚಪಾತಿ ತಣ್ಣಗಾಗಿ ಚರ್ಮದಂತಾಗುತ್ತಿದೆ. ‘ಊಟಕ್ಕೆ ಬಾರೋ’ ಅಂತ ನೀವು ಕೂಗಿದ್ದು ಇದು ನಾಲ್ಕನೇ ಸಲ. ಒಳಗಿನ ರೂಮಿನಿಂದ ಬರುವ ಉತ್ತರ ಮಾತ್ರ ಅದೇ. ‘ಇನ್ನೈದೇ ನಿಮಿಷ ಅಮ್ಮಾ...’

ಆ ಐದು ನಿಮಿಷ ಯಾವತ್ತೂ ಐದಕ್ಕೆ ಮುಗಿದಿದ್ದಿಲ್ಲ ಎನ್ನುವುದು ನಿಮಗೂ ಗೊತ್ತು, ಅವನಿಗೂ ಗೊತ್ತು. ಕೊನೆಗೆ ನೀವು ಸೌಟು ಹಿಡಿದುಕೊಂಡೇ ರೂಮಿಗೆ ನುಗ್ಗುತ್ತೀರಿ. ಅವನು ಮುಖ ಊದಿಸಿಕೊಂಡು ಬಂದು, ನಾಲ್ಕು ತುತ್ತು ತಿಂದ ಶಾಸ್ತ್ರ ಮಾಡಿ ಎದ್ದು ಹೋಗುತ್ತಾನೆ. ಮಗಳಾದರೆ ಬಾಗಿಲು ‘ಧಡ್’ ಅನ್ನುತ್ತದೆ, ಅಷ್ಟೇ ವ್ಯತ್ಯಾಸ. ಯಜಮಾನರು ಟಿವಿಯಿಂದ ತಲೆ ಎತ್ತದೆಯೇ ‘ನೀನೇ ಸಲಿಗೆ ಕೊಟ್ಟು ಹಾಳು ಮಾಡಿದ್ದು’ ಅಂತಾರೆ. ಈ ದೃಶ್ಯ ನಿಮ್ಮ ಮನೆಯದೂ ಹೌದಾದರೆ, ಮುಂದೆ ಓದಿ.

ಮನೆಗೆ ತಂದವರು ನಾವೇ ತಾನೆ?

ಸ್ವಲ್ಪ ಹಿಂದಕ್ಕೆ ಹೋಗೋಣ. 2020ರ ಮಾರ್ಚ್. ಲಾಕ್‌ಡೌನ್ ಬಂತು, ಶಾಲೆಗೆ ಬೀಗ ಬಿತ್ತು. ಪಾಠವೆಲ್ಲ ಆನ್‌ಲೈನ್ ಆಯಿತು. ಅಪ್ಪನ ಮೊಬೈಲ್ ಅಪ್ಪನಿಗೇ ಬೇಕು, ಅಮ್ಮನ ಮೊಬೈಲ್ ಚಿಕ್ಕದು ಎಂದು ಎಷ್ಟೋ ಮನೆಗಳಲ್ಲಿ ಕಂತಿನ ಮೇಲೆ ಟ್ಯಾಬ್ ಬಂತು. ಇವತ್ತು ಹೈಸ್ಕೂಲಿನಲ್ಲಿರುವ ಮಗು ಆಗ ಇನ್ನೂ ಚಿಕ್ಕ ಕ್ಲಾಸು. ‘ಟ್ಯಾಬ್ ಮುಂದೆ ಕೂತ್ಕೋ, ಏಳಬೇಡ’ ಅಂತ ಗದರಿದವರು ನಾವೇ. ಈಗ ‘ಟ್ಯಾಬ್ ಮುಂದಿನಿಂದ ಏಳು’ ಅಂತ ಗದರುವವರೂ ನಾವೇ!

ಆ ಗಡಿಬಿಡಿಯಲ್ಲೂ ಒಂದು ಮಿತಿ ಬೇಕೆಂದು ದೊಡ್ಡವರಿಗೆ ಅನ್ನಿಸಿತ್ತು. 2020ರ ಜುಲೈನಲ್ಲಿ ಕೇಂದ್ರ ಶಿಕ್ಷಣ ಇಲಾಖೆ ‘ಪ್ರಜ್ಞಾತಾ’ ಎಂಬ ಮಾರ್ಗಸೂಚಿ ಹೊರಡಿಸಿತು. ಒಂದರಿಂದ ಎಂಟನೇ ತರಗತಿಯವರೆಗೆ ದಿನಕ್ಕೆ 30ರಿಂದ 45 ನಿಮಿಷದ ಎರಡೇ ಆನ್‌ಲೈನ್ ಪಾಠ, ಒಂಬತ್ತರಿಂದ ಹನ್ನೆರಡನೆಯವರಿಗೆ ಅಂಥ ನಾಲ್ಕು ಪಾಠ ಎಂದಿತ್ತು ಅದು. ಅಂದರೆ ಪಾಠಕ್ಕೇ ಹೆಚ್ಚೆಂದರೆ ಮೂರು ಗಂಟೆ. ಶಾಲೆಗಳು ತೆರೆದವು, ಆನ್‌ಲೈನ್ ಕ್ಲಾಸ್ ನಿಂತಿತು. ಟ್ಯಾಬ್ ಮಾತ್ರ ಮನೆಯಲ್ಲೇ ಉಳಿಯಿತು. ಪಾಠದ ಜಾಗಕ್ಕೆ ಆಟ, ರೀಲ್ಸು, ಚಾಟು ಬಂದು ಕೂತವು.

ಹಾಗಾಗಿ ಮೊದಲನೆಯ ಮಾತು: ಮಗುವನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಬೇಡಿ. ಅಭ್ಯಾಸ ಮಾಡಿಸಿದ್ದರಲ್ಲಿ ನಮ್ಮ ಪಾಲೂ ಇದೆ.

ನಾನು ಮಾಡಿದ ತಪ್ಪು

ಬೇರೆಯವರ ಮನೆಯ ಕಥೆ ಯಾಕೆ, ನಮ್ಮನೆಯದನ್ನೇ ಹೇಳುತ್ತೇನೆ. ಮಗ ಆಗ ಎಂಟನೇ ಕ್ಲಾಸು. ಒಂದು ರಾತ್ರಿ ಒಂದೂವರೆಗೆ ನೀರು ಕುಡಿಯಲು ಎದ್ದಾಗ ಅವನ ರಗ್ಗಿನೊಳಗಿಂದ ನೀಲಿ ಬೆಳಕು ಕಂಡಿತು. ರಗ್ಗು ಎಳೆದೆ. ಟ್ಯಾಬ್ ಕಿತ್ತುಕೊಂಡೆ. ಬಾಯಿಗೆ ಬಂದಿದ್ದೆಲ್ಲ ಅಂದೆ. ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ತಾಳಿ ಸರದ ಪಿನ್ನಿಗೆ ಸಿಕ್ಕಿಸಿಕೊಂಡೆ. ಗೆದ್ದೆ ಅಂದುಕೊಂಡೆ.

ನಾಲ್ಕು ದಿನ ಮಗ ನನ್ನ ಜೊತೆ ಮಾತಾಡಲಿಲ್ಲ. ಐದನೇ ದಿನ ನಮ್ಮ ಅತ್ತೆ ಮೆಲ್ಲಗೆ ಹೇಳಿದರು, ‘ಅವ್ನು ಮಧ್ಯಾಹ್ನ ಮಾವನ ಮೊಬೈಲ್ ಇಸ್ಕೊಂಡು ಟೆರೇಸ್ ಮೇಲೆ ಕೂತಿರ್ತಾನೆ ಕಣಮ್ಮ. ಕಿತ್ಕೊಂಡ್ರೆ ಕದ್ದು ನೋಡೋದು ಕಲೀತಾನೆ, ಅಷ್ಟೇ.’

ಆ ಮಾತು ಚುಚ್ಚಿತು. ಭಾನುವಾರ ಅವನನ್ನು ಕೂರಿಸಿಕೊಂಡು, ಈ ಸಲ ಬಯ್ಯದೆ ಕೇಳಿದೆ. ‘ಅಷ್ಟು ಹೊತ್ನಲ್ಲಿ ಏನ್ ಮಾಡ್ತಿದ್ದೆ?’ ತುಂಬಾ ಹೊತ್ತು ಸುಮ್ಮನಿದ್ದು ಹೇಳಿದ. ಆ ವರ್ಷವೇ ನಾವು ಮನೆ ಬದಲಿಸಿದ್ದೆವು, ಶಾಲೆಯೂ ಬದಲಾಗಿತ್ತು. ಹೊಸ ಕ್ಲಾಸಿನಲ್ಲಿ ಒಬ್ಬನೂ ಗೆಳೆಯನಿಲ್ಲ. ಹಳೆಯ ಶಾಲೆಯ ಮೂವರು ಹುಡುಗರು ರಾತ್ರಿ ಆಟದಲ್ಲಿ ಸಿಗುತ್ತಿದ್ದರು. ಅಲ್ಲಿ ಆಡುವುದಕ್ಕಿಂತ ಅವರು ಮಾತಾಡುತ್ತಿದ್ದುದೇ ಹೆಚ್ಚಂತೆ.

ರಾತ್ರಿ ಒಂದೂವರೆಯವರೆಗೆ ಎಚ್ಚರವಿದ್ದದ್ದು ಸರಿ ಅಂತ ನಾನು ಈಗಲೂ ಹೇಳುವುದಿಲ್ಲ. ಆದರೆ ಏನನ್ನು ನಿಲ್ಲಿಸುತ್ತಿದ್ದೇನೆ ಎಂದು ತಿಳಿಯದೆ ನಿಲ್ಲಿಸಲು ಹೋಗಿದ್ದೆ. ಮಿತಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟು ಹೊತ್ತು?’ ಎಂಬುದಕ್ಕಿಂತ ಮುಂಚೆ ‘ಯಾತಕ್ಕೆ?’ ಎಂಬುದು. ಒಂಟಿತನಕ್ಕೋ, ಬೇಸರಕ್ಕೋ, ಪರೀಕ್ಷೆಯ ಭಯ ಮರೆಯುವುದಕ್ಕೋ, ಬರೀ ಚಟಕ್ಕೋ? ಉತ್ತರದ ಮೇಲೆ ಔಷಧಿ ನಿಂತಿದೆ.

ಅವರಿಗೆ ನಿಲ್ಲಿಸೋಕೆ ಯಾಕಾಗಲ್ಲ?

‘ಮನಸ್ಸು ಮಾಡಿದ್ರೆ ಬಿಡಬಹುದು’ ಎನ್ನುವುದು ನಮ್ಮ ವಾದ. ಅಷ್ಟು ಸುಲಭವಿಲ್ಲ. ಹಿಂದೆ ಧಾರಾವಾಹಿ ಅರ್ಧ ಗಂಟೆಗೆ ಮುಗಿಯುತ್ತಿತ್ತು, ವಾರಪತ್ರಿಕೆಗೆ ಕೊನೆಯ ಪುಟ ಇರುತ್ತಿತ್ತು. ಈಗಿನ ಆ್ಯಪ್‌ಗಳಿಗೆ ಕೊನೆಯೇ ಇಲ್ಲ. ಬೆರಳು ಮೇಲಕ್ಕೆ ಸರಿಸಿದಷ್ಟೂ ಹೊಸದು ಬರುತ್ತಲೇ ಇರುತ್ತದೆ. ಇಂಥ ಕೊನೆಯಿಲ್ಲದ ಸ್ಕ್ರೋಲ್ ಅನ್ನು 2006ರಲ್ಲಿ ರೂಪಿಸಿದ ಅಮೆರಿಕದ ಏಜಾ ರಾಸ್ಕಿನ್, ತಾನು ಮಾಡಿದ್ದರ ಬಗ್ಗೆ ಆಮೇಲೆ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟಿದ್ದಾರೆ.

ಒಂದು ವಿಡಿಯೊ ಮುಗಿಯುತ್ತಲೇ ಇನ್ನೊಂದು ತಾನೇ ಶುರುವಾಗುತ್ತದೆ. ದಿನಾ ಮೆಸೇಜು ಕಳಿಸದಿದ್ದರೆ ‘ಸ್ಟ್ರೀಕ್’ ಮುರಿದುಹೋಗುತ್ತದೆ. ಗುಂಪಿನ ಆಟದಲ್ಲಿ ಮಧ್ಯೆ ಎದ್ದರೆ ಇಡೀ ತಂಡ ಸೋಲುತ್ತದೆ, ಗೆಳೆಯರು ಮರುದಿನ ಬೈಯುತ್ತಾರೆ. ಇವನ್ನೆಲ್ಲ ಎದ್ದು ಹೋಗದಂತೆ ಹಿಡಿದಿಡಲೆಂದೇ ಮಾಡಿರುತ್ತಾರೆ. ಇತ್ತ ನಮ್ಮ ಮಕ್ಕಳ ಮೆದುಳಿನಲ್ಲಿ ‘ಸಾಕು, ನಿಲ್ಲಿಸು’ ಎಂದು ಹೇಳುವ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆಯೇ. ಸಾಲದ್ದಕ್ಕೆ ಈ ವಯಸ್ಸಿನಲ್ಲಿ ದೇಹದ ಗಡಿಯಾರವೂ ಸ್ವಲ್ಪ ಹಿಂದಕ್ಕೆ ಸರಿದು, ನಿದ್ದೆ ತಡವಾಗಿ ಬರುತ್ತದೆ.

ಒಬ್ಬ ಹದಿನಾಲ್ಕರ ಹುಡುಗ ಒಂದು ಕಡೆ, ಅಷ್ಟೂ ಜಾಣ ಎಂಜಿನಿಯರುಗಳು ಇನ್ನೊಂದು ಕಡೆ. ಈ ಹಗ್ಗಜಗ್ಗಾಟದಲ್ಲಿ ನಾವು ಅವನ ಕಡೆ ನಿಂತು ಹಗ್ಗ ಹಿಡಿಯಬೇಕು.

ಹಾಗಾದರೆ ಎಷ್ಟು ಗಂಟೆ ಸರಿ?

ಎಲ್ಲ ಅಮ್ಮಂದಿರ ಪ್ರಶ್ನೆ ಇದೇ. ಪುಟ್ಟ ಮಕ್ಕಳಿಗಾದರೆ ಲೆಕ್ಕ ಖಚಿತವಾಗಿದೆ. ಎರಡು ವರ್ಷದೊಳಗೆ ಬೇಡವೇ ಬೇಡ, ಐದರೊಳಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಹದಿಹರೆಯದವರಿಗೆ ಮಾತ್ರ ಅಂಥ ಒಂದೇ ಅಳತೆ ಇಲ್ಲ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2016ರಲ್ಲೇ, ದೊಡ್ಡ ಮಕ್ಕಳ ವಿಷಯದಲ್ಲಿ ಗಂಟೆ ಎಣಿಸುವುದರ ಬದಲು ಪ್ರತಿ ಕುಟುಂಬವೂ ತನ್ನದೇ ಯೋಜನೆ ಮಾಡಿಕೊಳ್ಳಲಿ ಎಂದು ಸಲಹೆ ಕೊಟ್ಟಿತು.

ಲೆಕ್ಕವನ್ನು ಉಲ್ಟಾ ಹಾಕಿ ನೋಡಿ. ಟ್ಯಾಬ್‌ಗೆ ಎಷ್ಟು ಅನ್ನುವ ಬದಲು, ಮಿಕ್ಕಿದ್ದಕ್ಕೆ ಎಷ್ಟು ಬೇಕು ಅಂತ ಮೊದಲು ಬರೆಯಿರಿ. 13ರಿಂದ 18ರ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಮೈ ಬೆವರುವಂಥ ಆಟ, ಓಡಾಟ ಸರಾಸರಿ ಒಂದು ಗಂಟೆಯಾದರೂ ಬೇಕು. ನಾವು ಬರೆದಾಗ ಹೀಗಾಯಿತು: ನಿದ್ದೆ ಎಂಟೂವರೆ, ಶಾಲೆ ಮತ್ತು ಬಸ್ಸು ಎಂಟು, ಹೋಂವರ್ಕು ಟ್ಯೂಷನ್ನು ಎರಡೂವರೆ, ಸ್ನಾನ ಊಟ ತಿಂಡಿ ಎರಡು, ಆಟ ಒಂದು. ಒಟ್ಟು 22. ಉಳಿದದ್ದು ಎರಡೇ ಗಂಟೆ! ಆ ಎರಡರಲ್ಲೇ ಟಿವಿ, ಟ್ಯಾಬ್, ಅಜ್ಜಿ ಜೊತೆ ಹರಟೆ ಎಲ್ಲ. ‘ಎರಡು ಗಂಟೆ ಸಾಕು’ ಎಂದು ನಾನು ಹೇಳಿದ್ದರೆ ಜಗಳವಾಗುತ್ತಿತ್ತು. ಹಾಳೆ ಹೇಳಿದ್ದಕ್ಕೆ ಅವನೇ ಕಣ್ಣು ಬಿಟ್ಟು ನೋಡಿದ. ಕೊನೆಗೆ ಶಾಲೆಯ ದಿನ ಒಂದೂಕಾಲು ಗಂಟೆ, ಭಾನುವಾರ ಮೂರು ಗಂಟೆ ಅಂತ ಒಪ್ಪಂದವಾಯಿತು. ನಿಮ್ಮ ಮನೆಯ ಲೆಕ್ಕ ಬೇರೆ ಇರಬಹುದು, ಇರಲಿ. ಆದರೆ ನಿದ್ದೆ, ಆಟ ಇವೆರಡರ ಪಾಲನ್ನು ಮಾತ್ರ ಕತ್ತರಿಸಬೇಡಿ.

ಶುರು ಮಾಡುವುದು ಹೀಗೆ

ಮೊದಲ ವಾರ ಬರೀ ನೋಡಿ. ಬಯ್ಯಬೇಡಿ, ಬದಲಿಸಬೇಡಿ. ಆಂಡ್ರಾಯ್ಡ್ ಟ್ಯಾಬ್ ಆದರೆ ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’ ಅಂತ ಇರುತ್ತದೆ, ಐಪ್ಯಾಡ್ ಆದರೆ ‘ಸ್ಕ್ರೀನ್ ಟೈಮ್’. ಯಾವ ಆ್ಯಪ್‌ಗೆ ಎಷ್ಟು ಹೊತ್ತು ಹೋಯಿತು ಅಂತ ಅದೇ ಲೆಕ್ಕ ಇಟ್ಟಿರುತ್ತದೆ. ಹಾಗೇ ನಿಮ್ಮ ಮೊಬೈಲಿನದನ್ನೂ ತೆಗೆದು ನೋಡಿ. ನನ್ನದು ದಿನಕ್ಕೆ ಮೂರು ಗಂಟೆ ಚಿಲ್ಲರೆ ಇತ್ತು! ಅಡುಗೆ ವಿಡಿಯೊ, ಸೀರೆ ಗ್ರೂಪು, ವಾಟ್ಸ್‌ಆ್ಯಪ್ ಸ್ಟೇಟಸ್ಸು... ಅದನ್ನು ಮಗನಿಗೂ ತೋರಿಸಿದೆ. ಅವನು ನಕ್ಕ. ನಮ್ಮ ಮಾತುಕತೆ ಶುರುವಾಗಿದ್ದೇ ಆ ನಗುವಿನಿಂದ.

ಎರಡನೆಯದು, ಒಟ್ಟಿಗೆ ಕೂತು ಬರೆಯಿರಿ. ಭಾನುವಾರ ಬೆಳಿಗ್ಗೆ ದೋಸೆ ತಿಂದಾದ ಮೇಲಿನ ಹೊತ್ತು ಒಳ್ಳೆಯದು, ಎಲ್ಲರ ಮನಸ್ಸೂ ಹಗುರವಾಗಿರುತ್ತದೆ. ಜಗಳವಾದ ತಕ್ಷಣ ಮಾತ್ರ ಬೇಡ. ಅಪ್ಪನೂ ಕೂರಲೇಬೇಕು. ಅಮ್ಮ ಬೇಡ ಅಂದಿದ್ದನ್ನು ಅಪ್ಪ ‘ಹೋಗ್ಲಿ ಬಿಡೆ’ ಅಂದರೆ ಅಲ್ಲಿಗೆ ಮುಗಿಯಿತು. ಯಾವ ಹೊತ್ತು, ಎಷ್ಟು ಹೊತ್ತು ಎನ್ನುವುದರಲ್ಲಿ ಮಗುವಿನ ಮಾತಿಗೆ ಜಾಗ ಕೊಡಿ. ಸಂಜೆ ಏಳಕ್ಕೆ ಗೆಳೆಯರು ಸಿಗುತ್ತಾರೆ ಅಂದರೆ ಅದೇ ಹೊತ್ತು ಅವನ ಪಾಲಿಗಿರಲಿ, ಓದನ್ನು ಹಿಂದೆ ಮುಂದೆ ಮಾಡಿಕೊಳ್ಳಲಿ.

ಮೂರನೆಯದು, ಚೌಕಾಶಿಯಿಲ್ಲದ ನಿಯಮ ಎರಡೇ ಇರಲಿ. ಒಂದು, ಊಟದ ಹೊತ್ತಲ್ಲಿ ಯಾರ ಕೈಯಲ್ಲೂ ಏನೂ ಇರಬಾರದು. ಎರಡು, ರಾತ್ರಿ ಟ್ಯಾಬ್ ಮಲಗುವುದು ಹಾಲ್‌ನಲ್ಲಿ. ಇಡೀ ಲೇಖನದಲ್ಲಿ ಒಂದೇ ಸಲಹೆ ಇಟ್ಟುಕೊಳ್ಳುತ್ತೀರಾದರೆ ಇದನ್ನೇ ಇಟ್ಟುಕೊಳ್ಳಿ. ಹಾಲ್‌ನ ಪ್ಲಗ್ ಪಾಯಿಂಟಿಗೆ ಎಲ್ಲರ ಚಾರ್ಜರ್ ಹಾಕಿ. ಹತ್ತು ಗಂಟೆಗೆ ಟ್ಯಾಬ್, ನಿಮ್ಮ ಮೊಬೈಲ್, ಯಜಮಾನರ ಮೊಬೈಲ್ ಎಲ್ಲ ಅಲ್ಲಿ ಸಾಲಾಗಿ ಮಲಗಲಿ. ‘ಅಲಾರಾಂಗೆ ಬೇಕು’ ಅಂತಾನಾ? ಒಂದು ಅಲಾರಾಂ ಗಡಿಯಾರ ತಂದುಕೊಡಿ. ನಿದ್ದೆ ಸರಿಹೋದರೆ ಬೆಳಗಿನ ಸಿಡಿಮಿಡಿ, ಕ್ಲಾಸಿನಲ್ಲಿ ತೂಕಡಿಕೆ ಅರ್ಧ ತಾನಾಗಿ ಕಡಿಮೆಯಾಗುತ್ತದೆ.

ನಾಲ್ಕನೆಯದು, ನಿಲ್ಲಿಸುವ ರೀತಿ. ಆಟದ ಮಧ್ಯೆ ‘ಈಗಿಂದೀಗ್ಲೇ ಮುಚ್ಚು’ ಅನ್ನುವುದು, ನೀವು ಒಗ್ಗರಣೆ ಹಾಕುತ್ತಿರುವಾಗ ಗ್ಯಾಸ್ ಆರಿಸಿದ ಹಾಗೆ. ಹದಿನೈದು ನಿಮಿಷ ಮುಂಚೆ ಒಮ್ಮೆ ಹೇಳಿ. ‘ಈ ಮ್ಯಾಚು ಕೊನೇದು, ಇನ್ನೊಂದು ಶುರು ಮಾಡಬೇಡ’ ಅನ್ನಿ. ಅಡುಗೆಮನೆಯಿಂದ ಕೂಗಬೇಡಿ, ಹತ್ತಿರ ಹೋಗಿ ಹೇಳಿ. ಹಾಗೆ ಹೋದಾಗ ಒಂದೆರಡು ನಿಮಿಷ ಅವನೇನು ಆಡುತ್ತಿದ್ದಾನೆ ಅಂತ ನೋಡಿ, ಕೇಳಿ. ಅರ್ಥವಾಗದಿದ್ದರೂ ಪರವಾಗಿಲ್ಲ!

ಐದನೆಯದು, ತಪ್ಪಿದರೆ ಏನು ಎಂಬುದು ಮೊದಲೇ ಬರೆದಿರಲಿ, ಚಿಕ್ಕದಾಗಿರಲಿ. ಇವತ್ತು ಇಪ್ಪತ್ತು ನಿಮಿಷ ಹೆಚ್ಚಾದರೆ ನಾಳೆಯದರಲ್ಲಿ ಇಪ್ಪತ್ತು ನಿಮಿಷ ಕಡಿತ, ಅಷ್ಟೇ. ‘ಇನ್ನೊಂದು ತಿಂಗಳು ಟ್ಯಾಬ್ ಮುಟ್ಟಬೇಡ’ ಅಂತ ಸಿಟ್ಟಿನಲ್ಲಿ ಘೋಷಿಸಿ, ಮೂರನೇ ದಿನ ಅವನ ಮುಖ ನೋಡಲಾರದೆ ನಾವೇ ಕೊಟ್ಟುಬಿಟ್ಟರೆ ನಮ್ಮ ಮಾತಿಗೆ ಮೂರು ಕಾಸಿನ ಬೆಲೆ ಇರುವುದಿಲ್ಲ.

ಆರನೆಯದು, ತೆರವಾದ ಹೊತ್ತಿಗೆ ಏನಾದರೂ ಬೇಕು. ಟ್ಯಾಬ್ ಮುಚ್ಚಿದ ಮೇಲೆ ಮನೆಯಲ್ಲಿ ಮಾಡಲು ಏನೂ ಇಲ್ಲದಿದ್ದರೆ ಮತ್ತೆ ಅದೇ ಬೇಕೆನ್ನಿಸುತ್ತದೆ. ಷಟಲ್, ಸೈಕಲ್, ಗ್ರಂಥಾಲಯದ ಸದಸ್ಯತ್ವ, ತಬಲಾ ಕ್ಲಾಸು, ಕೊನೆಗೆ ಚೌಕಾಬಾರವೂ ಆದೀತು. ನಮ್ಮ ಮಗ ಆಮ್ಲೆಟ್ ಕಲಿತ. ಅಡುಗೆಮನೆ ಯುದ್ಧಭೂಮಿಯಾಗುತ್ತದೆ ನಿಜ, ಸಹಿಸಿಕೊಳ್ಳಬೇಕು. ಹೊಸ ಕ್ಲಾಸಿನ ಇಬ್ಬರು ಹುಡುಗರನ್ನು ಶನಿವಾರ ಮನೆಗೆ ಕರೆಯಲು ಹೇಳಿ ಅವಲಕ್ಕಿ, ಪಾನಕ ಮಾಡಿಕೊಟ್ಟೆ. ರಾತ್ರಿ ಆಟದ ಹಂಬಲ ಇಳಿದದ್ದು ನನ್ನ ಬೈಗುಳಕ್ಕಿಂತ ಹೆಚ್ಚಾಗಿ ಆ ಶನಿವಾರಗಳಿಂದ.

ಟ್ಯಾಬ್‌ನಲ್ಲೇ ಇದೆ ಬೀಗ

‘ನಂಗೆ ಅದೆಲ್ಲ ಬರಲ್ಲಪ್ಪ’ ಅನ್ನಬೇಡಿ. ಅರ್ಧ ಗಂಟೆ ಕೂತರೆ ಬರುತ್ತದೆ. ಆಂಡ್ರಾಯ್ಡ್‌ಗೆ ಗೂಗಲ್‌ನ ‘ಫ್ಯಾಮಿಲಿ ಲಿಂಕ್’ ಎಂಬ ಉಚಿತ ಆ್ಯಪ್ ಇದೆ. ದಿನದ ಮಿತಿ, ಮಲಗುವ ಹೊತ್ತು, ಹೊಸ ಆ್ಯಪ್‌ಗೆ ಅನುಮತಿ ಎಲ್ಲವನ್ನೂ ನಿಮ್ಮ ಮೊಬೈಲಿನಿಂದ ನೋಡಿಕೊಳ್ಳಬಹುದು. ಐಪ್ಯಾಡ್‌ನ ‘ಸ್ಕ್ರೀನ್ ಟೈಮ್’ನಲ್ಲಿ ‘ಡೌನ್‌ಟೈಮ್’, ‘ಆ್ಯಪ್ ಲಿಮಿಟ್ಸ್’ ಇವೆ. ಅದಕ್ಕೆ ಬೇರೆಯೇ ಪಾಸ್‌ಕೋಡ್ ಹಾಕಿ. ಅವನ ಹುಟ್ಟಿದ ದಿನ, ನಿಮ್ಮ ಮದುವೆ ದಿನ ಬೇಡ, ಮೊದಲು ಒತ್ತಿ ನೋಡುವುದೇ ಅವು!

ಇನ್ನೊಂದು ವಿಷಯ ಎಷ್ಟೋ ಜನರ ಗಮನಕ್ಕೆ ಬಂದಿರುವುದಿಲ್ಲ. ಟ್ಯಾಬ್‌ನಲ್ಲಿ ಯಾರ ಖಾತೆ ಇದೆ ಅಂತ ನೋಡಿ. ಹಲವು ಮನೆಗಳಲ್ಲಿ ಅಪ್ಪನ ಇ–ಮೇಲ್ ಖಾತೆಯೇ ಇರುತ್ತದೆ. ಆಗ ಯೂಟ್ಯೂಬ್ ಪಾಲಿಗೆ ನೋಡುತ್ತಿರುವವನು ನಲವತ್ತೈದರ ಗಂಡಸು. 13ರಿಂದ 17ರ ವಯಸ್ಸಿನ ಖಾತೆಗಳಿಗೆ ತಂತಾನೇ ಮುಂದಿನ ವಿಡಿಯೊ ಶುರುವಾಗದಂತೆ, ವಿರಾಮ ಮತ್ತು ಮಲಗುವ ಹೊತ್ತನ್ನು ನೆನಪಿಸುವಂತೆ ಯೂಟ್ಯೂಬ್ 2021ರಲ್ಲಿ ಬದಲಾವಣೆ ಮಾಡಿತು. ಇನ್‌ಸ್ಟಾಗ್ರಾಂ 2025ರ ಫೆಬ್ರುವರಿಯಲ್ಲಿ ಭಾರತದಲ್ಲಿ ‘ಟೀನ್ ಅಕೌಂಟ್’ ತಂದಿತು. ಅಪರಿಚಿತರ ಮೆಸೇಜಿಗೆ ತಡೆ, ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ನೋಟಿಫಿಕೇಶನ್ ಬಂದ್, 16ರೊಳಗಿನವರು ಇವನ್ನು ಸಡಿಲಿಸಬೇಕಾದರೆ ಅಪ್ಪ ಅಮ್ಮನ ಒಪ್ಪಿಗೆ ಎಂಬ ಏರ್ಪಾಡು ಅದರಲ್ಲಿದೆ. ಆದರೆ ಹುಟ್ಟಿದ ವರ್ಷ ಸುಳ್ಳು ಹೇಳಿದ್ದರೆ ಈ ಯಾವ ರಕ್ಷಣೆಯೂ ಇಲ್ಲ. ಹಾಗಾಗಿ ವಯಸ್ಸು ಸರಿಯಾಗಿರಲಿ.

ಇಷ್ಟೆಲ್ಲ ಮಾಡಿಯೂ ಬೀಗ ಒಡೆಯುವ ಉಪಾಯ ಮಕ್ಕಳಿಗೆ ಗೊತ್ತಿರುತ್ತದೆ. ಬೀಗ ಅನ್ನುವುದು ಒಪ್ಪಂದಕ್ಕೆ ಆಸರೆಯಷ್ಟೇ. ಕದ್ದು ಹಾಕಬೇಡಿ, ಅವನೆದುರೇ ಕೂತು ಹಾಕಿ.

ಇಡೀ ಊರೇ ಆಫ್ ಮಾಡಿದಾಗ

ನಮ್ಮ ಬೆಳಗಾವಿಯ ಪಕ್ಕದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಿದೆ. 2022ರ ಆಗಸ್ಟ್‌ನಲ್ಲಿ ಅಲ್ಲಿ ಒಂದು ಪದ್ಧತಿ ಶುರುವಾಯಿತು. ಸಂಜೆ ಏಳಕ್ಕೆ ಸೈರನ್ ಕೂಗಿದರೆ ಮನೆಮನೆಯಲ್ಲೂ ಟಿವಿ, ಮೊಬೈಲು ಬಂದ್. ಒಂದೂವರೆ ಗಂಟೆಯ ನಂತರ ಇನ್ನೊಂದು ಸೈರನ್. ಅಲ್ಲಿಯವರೆಗೆ ಮಕ್ಕಳು ಓದು, ದೊಡ್ಡವರು ಮಾತುಕತೆ. ಇಡೀ ಊರು ಒಟ್ಟಿಗೆ ಮಾಡಿದ್ದರಿಂದ ‘ಎಲ್ಲರ ಮನೇಲೂ ಬಿಡ್ತಾರೆ, ನೀವು ಮಾತ್ರ ಬಿಡಲ್ಲ’ ಎಂದು ಹೇಳಲು ಮಕ್ಕಳಿಗೆ ಅವಕಾಶವೇ ಇರಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸೈರನ್ ಕೂಗಿಸಲಾಗದು. ಆದರೆ ಮಗನ ಗೆಳೆಯರ ಅಮ್ಮಂದಿರಲ್ಲಿ ಮೂವರಿಗೆ ಫೋನ್ ಮಾಡಿ, ರಾತ್ರಿ ಒಂಬತ್ತಕ್ಕೆ ಎಲ್ಲರ ಮನೆಯಲ್ಲೂ ಆಟ ಬಂದ್ ಅಂತ ಮಾತಾಡಿಕೊಳ್ಳಬಹುದಲ್ಲ? ನಾವು ಅದನ್ನೇ ಮಾಡಿದ್ದು. ತಂಡವೇ ಎದ್ದು ಹೋದರೆ ಆಟ ತಾನೇ ನಿಲ್ಲುತ್ತದೆ.

ನೀವು ಕೇಳುವ ಪ್ರಶ್ನೆಗಳು

‘ಓದೋಕೇ ಟ್ಯಾಬ್ ಬೇಕು ಅಂತಾನೆ, ಏನ್ಮಾಡ್ಲಿ?’

ನಿಜವೂ ಇರಬಹುದು. ಶಾಲೆಯಿಂದ ನೋಟ್ಸ್ ಬರುತ್ತದೆ, ‘ದೀಕ್ಷಾ’ದಂಥ ಆ್ಯಪ್‌ಗಳಲ್ಲಿ ಪಾಠಗಳಿವೆ. ಓದಿನ ಟ್ಯಾಬ್ ಊಟದ ಮೇಜಿನ ಮೇಲೆ, ಎಲ್ಲರ ಕಣ್ಣೆದುರು ಇರಲಿ. ಆ ಹೊತ್ತು ನೋಟಿಫಿಕೇಶನ್ ಬಂದ್. ಓದಿನ ಹೊತ್ತನ್ನು ಆಟದ ಲೆಕ್ಕಕ್ಕೆ ಸೇರಿಸಬೇಡಿ. ಉದ್ದದ ನೋಟ್ಸ್ ಇದ್ದರೆ ಪ್ರಿಂಟ್ ತೆಗೆಸಿಕೊಡಿ.

‘ಕಣ್ಣು ಉರಿ, ತಲೆನೋವು ಅಂತಾಳೆ.’

ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದೇ ಕಡಿಮೆ. ಅದಕ್ಕೇ ಕಣ್ಣು ಒಣಗುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡ್ ನೋಡುವ ಅಭ್ಯಾಸ ಮಾಡಿಸಿ. ಹಗಲು ಬೆಳಕಿನಲ್ಲಿ ಹೊರಗೆ ಆಡುವ ಮಕ್ಕಳಿಗೆ ಸಮೀಪದೃಷ್ಟಿ ದೋಷ ಬರುವ ಸಂಭವ ಕಡಿಮೆ. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಿ.

‘ಅವಳ ಮೆಸೇಜು ಕದ್ದು ಓದಬಹುದಾ?’

ನಮ್ಮ ಕಾಲದಲ್ಲಿ ಅಮ್ಮ ಡೈರಿ ಓದಿದ್ದಿದ್ದರೆ ಹೇಗನ್ನಿಸುತ್ತಿತ್ತು? ಹನ್ನೆರಡು, ಹದಿಮೂರರ ಮಗುವಿಗೆ ‘ಆಗಾಗ ನಾನೂ ನೋಡ್ತೀನಿ’ ಅಂತ ಮೊದಲೇ ಹೇಳಿ, ಜೊತೆಯಲ್ಲೇ ನೋಡಿ. ದೊಡ್ಡವಳಾದ ಹಾಗೆ ಕಡಿಮೆ ಮಾಡುತ್ತಾ ಬನ್ನಿ. ಜೀವಕ್ಕೆ ಅಪಾಯದ ಅನುಮಾನ ಬಂದರೆ ಮಾತ್ರ ಬೇರೆ ಮಾತು.

‘ಇಷ್ಟೆಲ್ಲ ಮಾಡಿದ್ರೂ ಎರಡೇ ವಾರಕ್ಕೆ ಎಲ್ಲ ಕೆಟ್ಟೋಯ್ತು.’

ನಮ್ಮನೆಯಲ್ಲೂ ಕೆಟ್ಟಿತ್ತು! ನೆಂಟರು ಬಂದರು, ಹಬ್ಬ ಬಂತು, ಹಾಳೆ ಫ್ರಿಜ್ಜಿನ ಮೇಲೆ ಧೂಳು ಹಿಡಿಯಿತು. ಮತ್ತೆ ಕೂತು, ಆಗದಿದ್ದ ನಿಯಮ ತೆಗೆದು ಇನ್ನೊಮ್ಮೆ ಬರೆದೆವು. ಪರೀಕ್ಷೆ, ರಜೆ ಬಂದಾಗಲೆಲ್ಲ ಬದಲಿಸಬೇಕಾಗುತ್ತದೆ. ಅದು ಸೋಲಲ್ಲ.

ಮನೆಯ ಮಾತು ಸಾಲದಾದಾಗ

ಕೆಲವೊಮ್ಮೆ ವಿಷಯ ನಮ್ಮ ಕೈ ಮೀರಿರುತ್ತದೆ. ಆಟಕ್ಕಾಗಿ ಊಟ, ಸ್ನಾನ ಬಿಡುವುದು, ಶಾಲೆಗೇ ಹೋಗುವುದಿಲ್ಲ ಅನ್ನುವುದು, ಅಂಕ ದಿಢೀರನೆ ಕುಸಿಯುವುದು, ಟ್ಯಾಬ್ ತೆಗೆದರೆ ವಸ್ತು ಒಡೆಯುವುದು, ತನಗೇ ಏನಾದರೂ ಮಾಡಿಕೊಳ್ಳುತ್ತೇನೆ ಅನ್ನುವುದು, ಮನೆಯಲ್ಲಿ ಹಣ ಕದಿಯುವುದು. ಇಂಥವು ಕಂಡರೆ ‘ಹಟ’ ಅಂತ ಬಿಡಬೇಡಿ. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ತನ್ನ ರೋಗಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಇದಕ್ಕೆಂದೇ ‘ಶಟ್’ ಕ್ಲಿನಿಕ್ ತೆರೆಯಿತು. ದೂರದ ಊರಿನವರಾದರೆ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ‘ಮನೋವೈದ್ಯರ ಹತ್ರ ಹೋದ್ರೆ ಜನ ಏನಂತಾರೆ’ ಎಂಬ ಯೋಚನೆ ಬೇಡ. ಜನ ನಿಮ್ಮ ಮಗುವನ್ನು ಸಾಕುವುದಿಲ್ಲ.

ಕೊನೆಯ ನಿಯಮ

ನಮ್ಮ ಹಾಳೆಯಲ್ಲಿ ಕೊನೆಯ ಸಾಲು ಮಗನೇ ಕೇಳಿ ಬರೆಸಿದ್ದು. ‘ಏನೇ ತಪ್ಪಾದರೂ ನಾನಾಗೇ ಬಂದು ಹೇಳಿದರೆ ಟ್ಯಾಬ್ ಕಿತ್ತುಕೊಳ್ಳುವುದಿಲ್ಲ.’ ಬರೆಯುವಾಗ ಅದರ ಬೆಲೆ ನನಗೆ ಗೊತ್ತಿರಲಿಲ್ಲ.

ನಾಲ್ಕು ತಿಂಗಳ ನಂತರ ಒಂದು ಸಂಜೆ, ಅಕ್ಕಿ ಆರಿಸುತ್ತಾ ಕೂತಿದ್ದೆ. ಮಗ ಬಿಳಿಚಿಕೊಂಡು ಬಂದು ನಿಂತ. ಆಟದಲ್ಲಿ ಪರಿಚಯವಾದ ಯಾರೋ ‘ಡೈಮಂಡ್ ಫ್ರೀ ಕೊಡ್ತೀನಿ, ಒಟಿಪಿ ಹೇಳು’ ಅಂದಿದ್ದನಂತೆ. ಇವನು ಅಪ್ಪನ ಮೊಬೈಲಿಗೆ ಬಂದ ಒಂದು ಒಟಿಪಿ ಹೇಳಿಬಿಟ್ಟಿದ್ದ. ಎರಡನೆಯದು ಬಂದಾಗ ಹೆದರಿ ಓಡಿ ಬಂದಿದ್ದ. ತಕ್ಷಣ ಕಾರ್ಡ್ ಬ್ಲಾಕ್ ಮಾಡಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆವು. ಹೋಗಿದ್ದು ಸಾವಿರದ ಎಂಟುನೂರು ರೂಪಾಯಿ. ಇನ್ನೊಂದು ಗಂಟೆ ತಡವಾಗಿದ್ದರೆ ಎಷ್ಟು ಹೋಗುತ್ತಿತ್ತೋ.

ಬೀರುವಿಗೆ ಬೀಗ ಹಾಕಿದ್ದ ಅಮ್ಮನ ಹತ್ತಿರ ಅವನು ಬರುತ್ತಿದ್ದನೇ? ಖಂಡಿತ ಇಲ್ಲ. ಇವತ್ತು ಒಟಿಪಿ, ನಾಳೆ ಇನ್ನೇನೋ. ಹೆಣ್ಣುಮಕ್ಕಳ ಫೋಟೊ ಇಟ್ಟುಕೊಂಡು ಬೆದರಿಸುವವರಿದ್ದಾರೆ, ಗಂಡುಮಕ್ಕಳನ್ನೂ ಬಿಡುವುದಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ತಂದು ನಿಷೇಧಿಸಿದೆ, ಆದರೂ ಕಳ್ಳದಾರಿಗಳು ಇದ್ದೇ ಇರುತ್ತವೆ. ಅಂಥ ಹೊತ್ತಲ್ಲಿ ಮಗು ಮೊದಲು ಓಡಿ ಬರಬೇಕಾದದ್ದು ನಿಮ್ಮ ಹತ್ತಿರ. ಬಯ್ಗುಳದ ಭಯಕ್ಕೆ ಅದು ಬಾಯಿ ಮುಚ್ಚಿಕೊಂಡರೆ ಎಷ್ಟು ಗಂಟೆಯ ಮಿತಿ ಹಾಕಿದರೂ ಏನು ಪ್ರಯೋಜನ?

ನಮ್ಮನೆಯಲ್ಲಿ ಎಲ್ಲ ಸರಿಹೋಗಿದೆ ಅಂತ ಹೇಳುವುದಿಲ್ಲ. ನಿನ್ನೆ ರಾತ್ರಿಯೂ ‘ಇನ್ನೈದೇ ನಿಮಿಷ ಅಮ್ಮಾ’ ಅಂದ. ಏಳನೇ ನಿಮಿಷಕ್ಕೆ ಬಂದ. ಚಪಾತಿ ಇನ್ನೂ ಬೆಚ್ಚಗಿತ್ತು.

ಫ್ರಿಜ್ಜಿಗೆ ಅಂಟಿಸಿಕೊಳ್ಳಿ

* ರಾತ್ರಿ ಹತ್ತಕ್ಕೆ ಎಲ್ಲರ ಮೊಬೈಲ್, ಟ್ಯಾಬ್ ಹಾಲ್‌ನ ಚಾರ್ಜರಿಗೆ.
* ಊಟದ ಹೊತ್ತಲ್ಲಿ ಯಾವ ಪರದೆಯೂ ಇಲ್ಲ. ಟಿವಿಯೂ ಇಲ್ಲ!
* ನಿದ್ದೆ 8 ಗಂಟೆಗೆ ಕಡಿಮೆಯಿಲ್ಲ, ಆಟ 1 ಗಂಟೆಗೆ ಕಡಿಮೆಯಿಲ್ಲ. ಉಳಿದದ್ದರಲ್ಲಿ ಟ್ಯಾಬ್.
* ಮುಗಿಸುವ 15 ನಿಮಿಷ ಮುಂಚೆ ಒಂದು ಸಲ ನೆನಪಿಸಿ, ಹತ್ತಿರ ಹೋಗಿ.
* ಟ್ಯಾಬ್‌ನಲ್ಲಿ ಮಗುವಿನದೇ ಖಾತೆ, ನಿಜವಾದ ವಯಸ್ಸು.
* ಅಪ್ಪ, ಅಮ್ಮ, ಅಜ್ಜ, ಅಜ್ಜಿ ಎಲ್ಲರದೂ ಒಂದೇ ಮಾತು.
* ಒಟಿಪಿ, ಫೋಟೊ, ವಿಳಾಸ ಯಾರಿಗೂ ಕೊಡುವಂತಿಲ್ಲ. ಕೊಟ್ಟಿದ್ದರೆ ತಕ್ಷಣ ಮನೆಯಲ್ಲಿ ಹೇಳುವುದು.
* ಸಹಾಯವಾಣಿಗಳು: ಮಾನಸಿಕ ಆರೋಗ್ಯಕ್ಕೆ 14416, ಸೈಬರ್ ವಂಚನೆಗೆ 1930, ಮಕ್ಕಳಿಗೆ 1098.